ಗ್ರಾಮಸಭೆಗೆ ಹೋಗುವ ಮೊದಲು ಬಾವಿಗೆ ಹಗ್ಗ ಇಳಿಸಿ

ಹತ್ತೊಂಬತ್ತು ವರ್ಷ ನಾನು ನಮ್ಮ ಪಂಚಾಯತಿನಲ್ಲಿ ನೀರು ಬಿಡುವ ಕೆಲಸ ಮಾಡಿದೆ. ಕಾಗದದಲ್ಲಿ ಪಂಪ್ ಚಾಲಕ ಅಂತ ಇತ್ತು. ಊರಲ್ಲಿ ಕರೆಯುತ್ತಿದ್ದದ್ದು ನೀರಣ್ಣ. ನೀರು ಬಂದ ದಿನ ಅಣ್ಣ. ಬಾರದ ದಿನ ಬೇರೆ ಹೆಸರಿತ್ತು, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಊರು ಉಡುಪಿಯಿಂದ ಪೂರ್ವಕ್ಕೆ, ಸ್ವರ್ಣಾ ನದಿಯ ಹತ್ತಿರ. ನಮ್ಮಿಂದ ಕೆಳಗೆ ಬಜೆ ಅಣೆಕಟ್ಟು. ಉಡುಪಿ ಪೇಟೆಯ ನಳ್ಳಿಗಳಿಗೆ ನೀರು ಹೋಗುವುದು ಅಲ್ಲಿಂದ. ಹೊಳೆ ಹಿತ್ತಿಲಲ್ಲೇ ಹರಿಯುತ್ತದೆ, ಆದರೂ ಏಪ್ರಿಲ್ ಬಂತೆಂದರೆ ನಮ್ಮ ವಾರ್ಡಿಗೆ ಟ್ಯಾಂಕರೇ ಗತಿ. ಪೇಟೆಯವರಿಗೆ ಹೇಳಿದರೆ ನಂಬುವುದಿಲ್ಲ.

ಕೆಲಸ ಬಿಟ್ಟ ಮೇಲೆ ಜನ ಸಭೆಗೆ ಮೊದಲು ನಮ್ಮ ಜಗಲಿಗೆ ಬಂದು ಕೇಳಲು ಶುರು ಮಾಡಿದರು. "ಎಂತ ಕೇಳುವುದು ಮಾರಾಯ್ರೆ? ಹೇಗೆ ಕೇಳುವುದು?" ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿ ಬರೆದಿಡುತ್ತಿದ್ದೇನೆ.

ಮೊದಲು ನನ್ನದೇ ಕಥೆ. ನಿವೃತ್ತಿಯಾದ ವರ್ಷದ ಗ್ರಾಮಸಭೆ. ಇಷ್ಟು ವರ್ಷ ಬೈಸಿಕೊಳ್ಳುವ ಬದಿಯಲ್ಲಿ ನಿಂತವನು ಅವತ್ತು ಮೊದಲ ಸಲ ಜನರ ನಡುವೆ ಎದ್ದು ನಿಂತೆ. ದೊಡ್ಡ ಸ್ವರದಲ್ಲಿ, "ನಮ್ಮ ವಾರ್ಡಿಗೆ ನೀರೇ ಇಲ್ಲ ಸ್ವಾಮಿ!" ಅಂದೆ. ನೋಡಲ್ ಅಧಿಕಾರಿ ಪೆನ್ನು ಹಿಡಿದುಕೊಂಡು ಕೇಳಿದರು, "ಎಷ್ಟು ಮನೆಗೆ? ಎಷ್ಟು ದಿನದಿಂದ?" ನನ್ನ ಬಾಯಿ ಕಟ್ಟಿತು. ಅಷ್ಟರಲ್ಲಿ ಹಿಂದಿನಿಂದ ಒಬ್ಬರು, "ನಿನ್ನೆವರೆಗೆ ನೀವೇ ಅಲ್ವಾ ಬಿಡ್ತಿದ್ದದ್ದು?" ಇಡೀ ಸಭಾಭವನ ನಕ್ಕಿತು. ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕಿದರು.

ಆ ಮುಚ್ಚಳ ಹಾಕದ ಹಾಗೆ ಮಾಡುವುದು ಹೇಗೆ ಅನ್ನುವುದೇ ಇಲ್ಲಿಂದ ಮುಂದಿನ ಮಾತು.

ಬಾವಿಯ ಲೆಕ್ಕ

ಬೇಕಾದ ಸಾಮಾನು: ಒಂದು ಹಗ್ಗ, ಒಂದು ಹಳೆಯ ಸ್ಟೀಲ್ ಲೋಟ, ಟೈಲರ್ ಟೇಪು, ಸ್ವಲ್ಪ ಪೈಂಟು, ನೋಟ್‌ಬುಕ್ಕು.

ಲೋಟದ ತಳಕ್ಕೆ ತೂತು ಮಾಡಿ ಹಗ್ಗ ಕಟ್ಟಿ. ಬಾಯಿ ಕೆಳಗೆ ಮಾಡಿ ಇಳಿಸಬೇಕು. ಹಗ್ಗ ಸುತ್ತದ ಹಾಗೆ ಒಳಗಿನಿಂದ ಒಂದು ದಪ್ಪ ನಟ್ಟು ಸಿಕ್ಕಿಸಿದರೆ ಒಳ್ಳೆಯದು. ಲೋಟದ ಬಾಯಿ ನೀರಿಗೆ ತಾಗಿದಾಗ "ಪೊಟ್" ಅಂತ ಸದ್ದು ಬರುತ್ತದೆ. ಆಳದ ಬಾವಿಯಲ್ಲಿ, ಮಬ್ಬು ಬೆಳಕಿನಲ್ಲಿ ನೀರು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುತ್ತದೆ. ಎರಡು ಮೂರು ಸಲ ಎತ್ತಿ ಇಳಿಸಿ ಸದ್ದು ಎಲ್ಲಿ ಬರುತ್ತದೆ ಅಂತ ಸರಿ ಮಾಡಿಕೊಳ್ಳಿ. ಕಟ್ಟೆಯ ಅಂಚಿಗೆ ತಾಗುವ ಜಾಗದಲ್ಲಿ ಹಗ್ಗವನ್ನು ಬೆರಳಲ್ಲಿ ಹಿಡಿದು ಮೇಲೆ ಎಳೆದು, ಅಂಗಳದಲ್ಲಿ ಉದ್ದಕ್ಕೆ ಹಾಸಿ ಟೇಪಿನಲ್ಲಿ ಅಳೆಯಿರಿ. ನೈಲಾನ್ ಹಗ್ಗ ಜಗ್ಗುತ್ತದೆ, ಅದು ಬೇಡ. ತೆಂಗಿನ ನಾರಿನದ್ದು ಒದ್ದೆಯಾದರೆ ಕುಗ್ಗುತ್ತದೆ. ಹತ್ತಿ ಹಗ್ಗವಾದರೆ ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ ಬಳಸಿ. ಬಾವಿ ಕಟ್ಟೆಯ ಒಂದೇ ಜಾಗದಲ್ಲಿ ಪೈಂಟಿನ ಗುರುತು ಹಾಕಿ, ಪ್ರತಿ ಸಲ ಅಲ್ಲಿಂದಲೇ ಇಳಿಸಿ. ನಮ್ಮ ಬಾವಿಯ ಕಟ್ಟೆ ಒಂದು ಬದಿ ನಾಲ್ಕು ಬೆರಳು ಕುಸಿದಿದೆ. ಮೊದಲ ಮೂರು ತಿಂಗಳು ನಾನು ಒಂದು ಸಲ ಆಚೆಯಿಂದ, ಒಂದು ಸಲ ಈಚೆಯಿಂದ ಅಳೆದು, ನೀರು ಏರುತ್ತಿದೆಯಾ ಇಳಿಯುತ್ತಿದೆಯಾ ಗೊತ್ತಾಗದೆ ತಲೆ ಕೆಡಿಸಿಕೊಂಡಿದ್ದೆ.

ಬೆಳಿಗ್ಗೆ ಪಂಪು ಹಾಕುವ ಮೊದಲು ಅಳೆಯಬೇಕು. ತಿಂಗಳಿಗೆ ಒಂದು ಸಲ ಸಾಕು. ನಾನು ಸಂಕ್ರಮಣದ ದಿನ ಅಳೆಯುತ್ತೇನೆ, ಆಗ ಮರೆಯುವುದಿಲ್ಲ. ಇನ್ನೊಂದು ಅಳತೆ ಪತ್ತನಾಜೆಯ ದಿನ, ಅಂದರೆ ಮೇ 24ರ ಆಚೀಚೆ. ಯಕ್ಷಗಾನದ ಆಟ, ದೈವದ ಕೋಲ ಎಲ್ಲ ಮುಗಿದು ಮಳೆಗೆ ಕಾಯುವ ದಿನ ಅದು. ಬಾವಿ ಅತಿ ಕೆಳಗೆ ಇಳಿಯುವುದೂ ಹೆಚ್ಚುಕಡಿಮೆ ಆಗಲೇ. ಇಡೀ ವರ್ಷದಲ್ಲಿ ಒಂದೇ ಅಳತೆ ತೆಗೆಯುವ ಸೋಮಾರಿಯಾದರೆ ಪತ್ತನಾಜೆಯದ್ದನ್ನು ತೆಗೆಯಿರಿ.

ಬಾವಿಯ ಒಟ್ಟು ಆಳ ಒಂದು ಸಲ ಅಳೆದಿಟ್ಟರೆ, ಅದರಲ್ಲಿ ನೀರಿನ ಮಟ್ಟ ಕಳೆದಾಗ ಎಷ್ಟು ನೀರು ನಿಂತಿದೆ ಅಂತ ಸಿಗುತ್ತದೆ. ಆಮೇಲೆ ಲೀಟರಿಗೆ ತಿರುಗಿಸುವುದು. ಬಾವಿಯ ಅಡ್ಡಳತೆ 2.4 ಮೀಟರ್ ಅಂತ ಇಟ್ಟುಕೊಳ್ಳಿ. ಅರ್ಧ 1.2. ಅದನ್ನು ಅದರಿಂದಲೇ ಗುಣಿಸಿ, 3.14ರಿಂದ ಗುಣಿಸಿದರೆ 4.52. ಒಂದು ಮೀಟರ್ ನೀರು ನಿಂತರೆ 4.52 ಘನ ಮೀಟರ್, ಲೀಟರಿನಲ್ಲಿ 4,520. ಅಂದರೆ ಹತ್ತು ಸೆಂಟಿಮೀಟರ್ ನೀರು ಅಂದರೆ ಸುಮಾರು 452 ಲೀಟರ್. ಜಲ ಜೀವನ್ ಮಿಷನ್‌ನಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಲೆಕ್ಕ. ಹಾಗಾಗಿ ನಿಮ್ಮ ಬಾವಿಯ ಒಂದು ಗೇಣಿನ ಅರ್ಧ, ಎಂಟು ಜನರ ಒಂದು ದಿನ.

ಈ ಲೆಕ್ಕ ನನಗೆ ಎಷ್ಟು ಕೆಲಸಕ್ಕೆ ಬಂತು ಅಂತ ಹೇಳಲು ಚಿರತೆಯ ಕಥೆ ಹೇಳಬೇಕು.

ಚಿರತೆ ಬಿದ್ದ ಬಾವಿ

ನಾನು ಕೆಲಸದಲ್ಲಿದ್ದಾಗಲೇ ಆದದ್ದು. ಗುಡ್ಡೆಯ ಬುಡದಲ್ಲಿ ಪಂಚಾಯತಿನ ತೆರೆದ ಬಾವಿ, ಐದು ಮೀಟರ್ ಅಡ್ಡಳತೆ. ಬೆಳಿಗ್ಗೆ ಐದೂವರೆಗೆ ಪಂಪಿನ ಸ್ವಿಚ್ಚು ಹಾಕಲು ಹೋದೆ. ಒಳಗಿನಿಂದ ಕೆರೆದ ಸದ್ದು. ಟಾರ್ಚು ಬಿಟ್ಟರೆ ಎರಡು ಹಸಿರು ಕಣ್ಣು. ಪಂಪಿನ ಪೈಪನ್ನು ಎರಡೂ ಮುಂಗಾಲಿನಲ್ಲಿ ತಬ್ಬಿ ಹಿಡಿದಿತ್ತು, ನಮ್ಮ ಮನೆಯ ಮಗು ಕಂಬ ಹಿಡಿದ ಹಾಗೆ. ಗರ್ಜನೆ ಏನೂ ಇಲ್ಲ. ಮೈ ನಡುಗುತ್ತಿತ್ತು, ಆ ನಡುಕಕ್ಕೆ ಪೈಪಿನ ಕ್ಲ್ಯಾಂಪು ಟಿಕ್ ಟಿಕ್ ಅನ್ನುತ್ತಿತ್ತು.

ಬೆಕ್ಕಿನ ಹಿಂದೆಯೋ ನಾಯಿಯ ಹಿಂದೆಯೋ ಓಡಿ ಬಂದು ಬಿದ್ದಿರಬೇಕು. ಆ ಬಾವಿಗೆ ಗುಡ್ಡೆಯ ಬದಿಗೆ ಕಟ್ಟೆಯೇ ಇರಲಿಲ್ಲ.

ಏಳು ಗಂಟೆಗೆ ಇನ್ನೂರು ಜನ. ಒಂಬತ್ತಕ್ಕೆ ಒಬ್ಬ ಪುಢಾರಿ ಬಂದು ಮೊಬೈಲುಗಳ ಮುಂದೆ ಭಾಷಣ ಶುರು ಮಾಡಿದರು. ಕಾಡುಪ್ರಾಣಿಗೆ ಇರುವ ಬೆಲೆ ಮನುಷ್ಯನಿಗೆ ಇಲ್ಲ, ಅರಣ್ಯದ ಕಾನೂನು ರೈತನ ಕುತ್ತಿಗೆ ಹಿಡಿದಿದೆ, ಹೀಗೆ. ಇನ್ನೊಬ್ಬ ಹುಡುಗ, ಪೇಟೆಯಲ್ಲಿ ಓದುವವನು, ನಾವು ಅವುಗಳ ಜಾಗಕ್ಕೆ ಹೋದದ್ದಲ್ವಾ ಅಂದ. ಅವನಿಗೆ ಹೊಡೆಯುವುದೊಂದು ಬಾಕಿ. ಚಿರತೆ ಪೈಪು ಹಿಡಿದುಕೊಂಡೇ ಇತ್ತು. ಮಧ್ಯಾಹ್ನ ಅರಣ್ಯ ಇಲಾಖೆಯವರು ಜನರನ್ನು ಹಿಂದೆ ಸರಿಸಿ, ಬಲೆ ಹಾಸಿ, ಬೋನು ಇಳಿಸಿ ಮೇಲೆತ್ತಿದರು.

ನಿಮ್ಮಲ್ಲಿ ಹೀಗಾದರೆ ಮಾಡಬೇಕಾದ್ದು ಇಷ್ಟೇ: ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನು ಮಾಡಿ, ಜನರನ್ನು ದೂರ ಇಡಿ, ಪಂಪು ಹಾಕಬೇಡಿ. ಏಣಿ ಇಳಿಸುವ ಸಾಹಸ ನಿಮ್ಮದಲ್ಲ.

ಆದರೆ ನನ್ನ ಕೆಲಸ ಶುರುವಾದದ್ದು ಅದು ಹೋದ ಮೇಲೆ. ಚಿರತೆ ಬಿದ್ದ ನೀರು ಕುಡಿಯುವ ಹಾಗಿಲ್ಲ. ಬಾವಿ ಪೂರ್ತಿ ಖಾಲಿ ಮಾಡಿ, ಕೆಸರು ತೆಗೆದು, ಬ್ಲೀಚಿಂಗ್ ಹಾಕಿ ತೊಳೆದೆವು. ಸಂಜೆ ಆರಕ್ಕೆ ತಳ ಕಂಡಿತು. ಸುಮ್ನೆ ಕುತೂಹಲಕ್ಕೆ ಬೆಳಿಗ್ಗೆ ಆರಕ್ಕೆ ಹಗ್ಗ ಇಳಿಸಿದೆ. 90 ಸೆಂ.ಮೀ. ನೀರು ಬಂದಿತ್ತು. ಆ ಬಾವಿಗೆ ಅದು 17,600 ಲೀಟರಿನಷ್ಟು. ಒಂದು ರಾತ್ರಿಯ ಒರತೆಯಲ್ಲೇ ಸುಮಾರು 320 ಜನರ ಒಂದು ದಿನದ ನೀರು. ಬರೆದಿಟ್ಟೆ.

ಮರುವರ್ಷ ಅದೇ ತಿಂಗಳು ಹೂಳು ತೆಗೆಯಲು ಮತ್ತೆ ಖಾಲಿ ಮಾಡಿದೆವು. ಮತ್ತೆ ಆರಕ್ಕೆ ಆರು. 55 ಸೆಂ.ಮೀ. 320 ಜನರದ್ದು 200ಕ್ಕೂ ಕಡಿಮೆಗೆ ಬಂದಿತ್ತು.

ಮೇಲಿನ ಗುಡ್ಡೆಯಲ್ಲಿ ಕೆಂಪುಕಲ್ಲಿನ ಕೋರೆ ಆ ವರ್ಷ ದೊಡ್ಡದಾಗಿತ್ತು. ಈ ಕೆಂಪುಕಲ್ಲಿನ, ನಮ್ಮ ಮಾತಲ್ಲಿ ಮುರಕಲ್ಲಿನ, ಗುಡ್ಡೆ ಅಂದರೆ ಸ್ಪಂಜಿನ ಹಾಗೆ, ಮಳೆ ಕುಡಿದು ನಿಧಾನಕ್ಕೆ ಬೈಲಿನ ಬಾವಿಗಳಿಗೆ ಬಿಡುತ್ತದೆ. ಕಲ್ಲು ಕಡಿದು ಕೆಳಗಿನ ಜೇಡಿ ಮಣ್ಣು ಬಿಚ್ಚಿದರೆ ನೀರು ಇಂಗುವ ಬದಲು ಓಡುತ್ತದೆ. ಆದರೆ ಕೋರೆಯಿಂದಲೇ ಕಮ್ಮಿಯಾಯಿತು ಅಂತ ನಾನು ಆಣೆ ಹಾಕಲಾರೆ. ಎರಡು ಹೊಸ ಕೊಳವೆಬಾವಿಯೂ ಅದೇ ವರ್ಷ ಬಂದಿದ್ದವು. ಮಳೆಯೂ ಬೇಗ ಬಿಟ್ಟಿತ್ತು. ನನ್ನ ಹತ್ತಿರ ಇದ್ದದ್ದು ಎರಡು ಅಂಕೆ ಮಾತ್ರ. ಆ ಎರಡು ಅಂಕೆಯನ್ನು ಸಭೆಯಲ್ಲಿ ಓದಿದಾಗ ಮಾತ್ರ ಯಾರೂ ನಗಲಿಲ್ಲ. ಓದಿದ್ದು ನಾನಲ್ಲ, ಕೆಳಮನೆಯ ಅಕ್ಕ. ಬೀಡಿ ಕಟ್ಟುವವರು. ಎಲೆಯ ಲೆಕ್ಕ, ಕಟ್ಟಿನ ಲೆಕ್ಕ ದಿನಾ ಇಡುವವರಿಗೆ ಅಂಕೆ ಹೇಳುವುದು ಅಭ್ಯಾಸ. ನನಗಿಂತ ಚೆನ್ನಾಗಿ ಹೇಳಿದರು.

ಪ್ರಶ್ನೆ ಕಟ್ಟುವುದು

"ಕಾಡು ಉಳಿಸಿ", "ನೀರು ಕೊಡಿ", "ಪ್ರಾಣಿಗಳಿಂದ ರಕ್ಷಿಸಿ". ಇವಕ್ಕೆಲ್ಲ ಒಂದೇ ಉತ್ತರ ಸಿಗುತ್ತದೆ: "ಗಮನಕ್ಕೆ ತೆಗೆದುಕೊಳ್ಳುತ್ತೇವೆ." ಪ್ರಶ್ನೆಯಲ್ಲಿ ಜಾಗ, ಅಂಕೆ, ತಾರೀಕು ಇದ್ದರೆ ಹಾಗೆ ಹೇಳಲು ಆಗುವುದಿಲ್ಲ. ನಮ್ಮ ಅಕ್ಕ ಕೇಳಿದ್ದು ಹೀಗೆ:

"ಗುಡ್ಡೆ ಬುಡದ ಬಾವಿಗೆ ಒಂದು ಬದಿ ಕಟ್ಟೆ ಇಲ್ಲ. ಹೋದ ವರ್ಷ ಚಿರತೆ ಬಿದ್ದು ನಮ್ಮ ಎಪ್ಪತ್ತು ಮನೆಗೆ ಮೂರು ದಿನ ನೀರು ಇರಲಿಲ್ಲ. ಕಟ್ಟೆ ಕಟ್ಟಲು ಹಣ ಇಟ್ಟಿದ್ದೀರಾ? ಇಟ್ಟಿದ್ದರೆ ಯಾವ ಅನುದಾನ? ಮಳೆ ಶುರುವಾಗುವ ಮೊದಲು ಮುಗಿಯುತ್ತದಾ?"

ನೋಡಿ, ಇದರಲ್ಲಿ ಚಿರತೆ ಬೇಕಾ ಮನುಷ್ಯ ಬೇಕಾ ಅನ್ನುವ ಜಗಳವೇ ಇಲ್ಲ. ಒಂದು ಕಟ್ಟೆ ಕಟ್ಟಿದರೆ ಚಿರತೆಗೂ ಒಳ್ಳೆಯದು, ನಮಗೂ ಒಳ್ಳೆಯದು. ಅವತ್ತು ಬಾವಿಯ ಹತ್ತಿರ ಭಾಷಣ ಮಾಡಿದ ಪುಢಾರಿಯೂ ಕೈ ಎತ್ತಿ ಹೌದು ಹೌದು ಅಂದರು.

ಹಣ ಇಲ್ಲ ಅನ್ನುತ್ತಾರೆ. ಅದಕ್ಕೂ ತಯಾರಾಗಿ ಹೋಗಿ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಪಂಚಾಯತಿಗೆ ಬಂದದ್ದರಲ್ಲಿ ನೂರಕ್ಕೆ 60 ಪಾಲು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟದ್ದು. ಮಳೆನೀರು ಕೊಯ್ಲು ಕೂಡ ಅದರಲ್ಲೇ ಬರುತ್ತಿತ್ತು. ಆ ಹಣ ಯಾವ ಯಾವ ಕೆಲಸಕ್ಕೆ ಹೋಯಿತು ಅಂತ ಪಟ್ಟಿ ಕೇಳಿ. ಟ್ಯಾಂಕರಿಗೆ ಎಷ್ಟು, ಇಂಗುಗುಂಡಿಗೆ ಎಷ್ಟು? ನಮ್ಮಲ್ಲಿ ಈ ಎರಡು ಅಂಕೆ ಅಕ್ಕಪಕ್ಕ ಇಟ್ಟಾಗ ಅಧ್ಯಕ್ಷರೇ ಕನ್ನಡಕ ತೆಗೆದು ಒರೆಸಿದರು.

"4000 ಮಿ.ಮೀ. ಮಳೆ ಬರುವ ಜಿಲ್ಲೆಯಲ್ಲಿ ನೀರಿಲ್ಲ ಅಂದ್ರೆ ಯಾರು ನಂಬುತ್ತಾರೆ?" ಇದು ಪ್ರತಿ ಸಭೆಯಲ್ಲೂ ಯಾರಾದರೂ ಹೇಳುವ ಮಾತು. ಉತ್ತರ: ಅದರಲ್ಲಿ ಮುಕ್ಕಾಲಿಗಿಂತ ಜಾಸ್ತಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು ಸಮುದ್ರಕ್ಕೆ ಹೋಗುತ್ತದೆ. ಜನವರಿಯಿಂದ ಮೇವರೆಗೆ ನಮ್ಮ ಪಾಲಿಗೆ ಗುಡ್ಡೆ ಹಿಡಿದಿಟ್ಟದ್ದು ಮಾತ್ರ. 2019ರ ಮೇ ತಿಂಗಳು ನೆನಪುಂಟಲ್ಲ? ಮಂಗಳೂರಿಗೆ ತುಂಬೆ ಅಣೆಕಟ್ಟಿನಿಂದ ಬರುವ ನೀರಿಗೂ ರೇಷನ್, ಉಡುಪಿಗೂ ರೇಷನ್. ಸ್ವರ್ಣೆಯ ಗುಂಡಿಗಳಲ್ಲಿ ನಿಂತ ನೀರಿಗೆ ಪಂಪು ಹಾಕಿ ಬಜೆಗೆ ಹಾಯಿಸಿದ ವರ್ಷ ಅದು.

ಪ್ರಾಣಿಗಳ ಉಪದ್ರದ ಪ್ರಶ್ನೆಯೂ ಹೀಗೆಯೇ. ಹಂದಿ, ಮಂಗ, ನವಿಲು, ಕೆಲವು ಕಡೆ ಕಾಟಿ, ಅಂದರೆ ಕಾಡುಕೋಣ. ಎಲ್ಲರಿಗೂ ಸಿಟ್ಟು ಉಂಟು, ನನಗೂ ಉಂಟು. ಹೋದ ವರ್ಷ ಬೆಳೆದ ಗೆಣಸು ಒಂದು ಬುಟ್ಟಿ ನನ್ನ ಕೈಗೆ ಬಂದಿಲ್ಲ. ಆದರೆ ಸಿಟ್ಟನ್ನು ಸಭೆಯಲ್ಲಿ ಖರ್ಚು ಮಾಡಿದರೆ ಗೆಣಸು ವಾಪಸು ಬರುವುದಿಲ್ಲ. ಹಾನಿಯಾದ ದಿನವೇ ಫೋಟೋ ತೆಗೆದು ಪರಿಹಾರದ ಅರ್ಜಿ ಹಾಕಿ. ಸಭೆಯಲ್ಲಿ ಕೇಳಬೇಕಾದ್ದು: ಈ ವರ್ಷ ನಮ್ಮ ಗ್ರಾಮದಿಂದ ಎಷ್ಟು ಅರ್ಜಿ ಹೋಗಿದೆ, ಎಷ್ಟಕ್ಕೆ ಹಣ ಬಂದಿದೆ, ಉಳಿದದ್ದು ಯಾವ ಮೇಜಿನ ಮೇಲೆ ಕೂತಿದೆ? ಗ್ರಾಮಸಭೆಗೆ ಅರಣ್ಯ ಇಲಾಖೆಯವರು ಬಂದೇ ಬರಬೇಕು ಅಂತ ಮೊದಲೇ ಪಂಚಾಯತಿಗೆ ಬರೆದು ಕೊಡಿ. ಇಲ್ಲದಿದ್ದರೆ ನಿಮ್ಮ ಪ್ರಶ್ನೆ ಪಶುವೈದ್ಯರಿಗೆ ಕೇಳಿದ ಹಾಗಾಗುತ್ತದೆ. ನಮ್ಮಲ್ಲಿ ಒಂದು ಸಲ ನಿಜವಾಗಿಯೂ ಹಾಗೇ ಆಯಿತು. ಪಾಪ, ಅವರು ಹಂದಿಜ್ವರದ ಬಗ್ಗೆ ಮಾತಾಡಿ ಕೂತರು.

ದೊಡ್ಡ ಮಾತು ಬಂದಾಗ

ಸಭೆ ಸ್ವಲ್ಪ ಬಿಸಿಯಾದ ಕೂಡಲೇ ಯಾರಾದರೂ ಎತ್ತಿನಹೊಳೆ ಎತ್ತುತ್ತಾರೆ, ಘಟ್ಟದ ಹಳ್ಳಗಳ ನೀರನ್ನು ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ಒಯ್ಯುವ ಯೋಜನೆ. ಇನ್ಯಾರೋ ಕಸ್ತೂರಿರಂಗನ್ ವರದಿ ಎತ್ತುತ್ತಾರೆ, ಪಶ್ಚಿಮ ಘಟ್ಟದಲ್ಲಿ ಯಾವ ಜಾಗ ಪರಿಸರ ಸೂಕ್ಷ್ಮ ಅಂತ ಗುರುತಿಸುವ ವರದಿ ಅದು. ಅಲ್ಲಿಗೆ ಬಾವಿಯ ಕಟ್ಟೆ ಮರೆತುಹೋಗುತ್ತದೆ, ಎರಡು ಪಕ್ಷದವರ ಬಾಯಿ ಜಗಳ ಶುರು. ಇವು ಬೇಡದ ವಿಷಯ ಅಂತ ನಾನು ಹೇಳುವುದಿಲ್ಲ. ಮಾತಾಡುವುದಾದರೆ ಗೊತ್ತಿದ್ದು ಮಾತಾಡಬೇಕು, ಅಷ್ಟೆ.

ಎತ್ತಿನಹೊಳೆಯಲ್ಲಿ "ನಿಮ್ಮ ಪಕ್ಷ ಮಾಡಿದ್ದು" ಅನ್ನುವ ಮಾತಿಗೆ ಬೆಲೆಯೇ ಇಲ್ಲ. 2012ರಲ್ಲಿ ಒಪ್ಪಿಗೆ ಕೊಟ್ಟದ್ದು ಬಿಜೆಪಿ ಸರಕಾರ. 2014ರಲ್ಲಿ ಶಂಕುಸ್ಥಾಪನೆ ಮಾಡಿದ್ದು ಕಾಂಗ್ರೆಸ್ ಸರಕಾರ. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಹತ್ತಿರ ಮೊದಲ ಹಂತಕ್ಕೆ ಚಾಲನೆ ಕೊಟ್ಟದ್ದೂ ಕಾಂಗ್ರೆಸ್. ನಡುವೆ ಯಾರೂ ನಿಲ್ಲಿಸಲಿಲ್ಲ. ಅಂದಾಜು ವೆಚ್ಚ 8,323 ಕೋಟಿಯಿಂದ ಶುರುವಾಗಿ 23,251 ಕೋಟಿಗೆ ಹೋಗಿದೆ. ಕೇಳಬೇಕಾದ್ದು ಇದು: ನೇತ್ರಾವತಿಯ ಮೇಲಿನ ಹಳ್ಳಗಳಿಂದ 24.01 ಟಿಎಂಸಿ ಸಿಗುತ್ತದೆ ಅಂತ ಯೋಜನೆ ಹೇಳುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಲೆಕ್ಕ ಹಾಕಿದಾಗ ಅಲ್ಲಿ ಸಿಗುವುದು 9.55 ಟಿಎಂಸಿ ಅಂತ ಬಂತು. ಎರಡರಲ್ಲಿ ಯಾವುದು ಸರಿ? ಈಗ ನೀರು ಎತ್ತಿದ್ದೀರಲ್ಲ, ವರ್ಷಕ್ಕೆ ಎಷ್ಟು ಎತ್ತಿದಿರಿ ಅಂತ ಅಳತೆ ತೋರಿಸಿ. ನನ್ನ ಬಾವಿಯ ಹಗ್ಗದ ಪ್ರಶ್ನೆಯೇ ಇದು, ಹಗ್ಗ ಸ್ವಲ್ಪ ಉದ್ದ ಅಷ್ಟೆ. ಮತ್ತೆ ಒಂದು ಮಾತು: ಕೋಲಾರ, ಚಿಕ್ಕಬಳ್ಳಾಪುರದವರನ್ನು ಬೈಯಬೇಡಿ. ಸಾವಿರ ಅಡಿ ಕೊರೆದು ಫ್ಲೋರೈಡ್ ನೀರು ಕುಡಿದವರು ಅವರು. ಅವರ ಬಾಯಾರಿಕೆ ಸುಳ್ಳಲ್ಲ.

ಕಸ್ತೂರಿರಂಗನ್ ವಿಷಯದಲ್ಲಿ ಹೆಚ್ಚಿನವರು ಕರಡು ಅಧಿಸೂಚನೆ ಓದದೆಯೇ ಮಾತಾಡುತ್ತಾರೆ, ಎರಡೂ ಕಡೆಯವರು. 2014ರಿಂದ 2024ರ ಜುಲೈ 31ರವರೆಗೆ ಕೇಂದ್ರ ಸರಕಾರ ಆರು ಸಲ ಕರಡು ಹೊರಡಿಸಿದೆ. ಪರಿಸರ ಸೂಕ್ಷ್ಮ ಅಂತ ಗುರುತಿಸಿದ್ದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿ.ಮೀ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಬೇಡ ಅಂತ ತೀರ್ಮಾನ ಮಾಡಿತು. ಕರಡಿನಲ್ಲಿ ನಿಷೇಧ ಅಂತ ಇರುವುದು ಗಣಿ, ಕಲ್ಲುಕೋರೆ, ಮರಳುಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ಪಟ್ಟಿಯ (ಮಾಲಿನ್ಯ ಜಾಸ್ತಿ ಮಾಡುವ) ಕೈಗಾರಿಕೆ, 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡ. ನಿಮ್ಮ ಅಡಿಕೆ ತೋಟ ಆ ಪಟ್ಟಿಯಲ್ಲಿ ಇಲ್ಲ, ಮನೆ ರಿಪೇರಿಯೂ ಇಲ್ಲ. ಹಾಗಂತ ಹೆಬ್ರಿ, ಕಾರ್ಕಳ, ಬೈಂದೂರು ಕಡೆಯವರ ಹೆದರಿಕೆಗೆ ಅರ್ಥ ಇಲ್ಲ ಅನ್ನಬೇಡಿ. ಡೀಮ್ಡ್ ಫಾರೆಸ್ಟ್, ಅಂದರೆ ಕಾಡೆಂದು ಪರಿಗಣಿಸಿದ ಜಾಗ ಅಂತ ಹೇಳಿ, ಸರಕಾರಿ ಜಾಗದಲ್ಲಿ ಕಟ್ಟಿದ ಮನೆ ಸಕ್ರಮ ಮಾಡಲು ಹಾಕಿದ 94ಸಿ ಅರ್ಜಿ ವಾಪಸು ಬಂದು ವರ್ಷಗಟ್ಟಲೆ ಅಲೆದವರಿಗೆ ಇನ್ನೊಂದು ಕಾಗದ ಬಂದರೆ ಎದೆ ಧಸಕ್ ಅನ್ನುವುದು ಸಹಜ. ನಂಬಿಕೆ ಕೆಟ್ಟದ್ದು ಈ ಅಲೆದಾಟದಿಂದ. ಹಾಗಾಗಿ ಕೇಳಿ: ನಮ್ಮ ಗ್ರಾಮ ಪಟ್ಟಿಯಲ್ಲಿ ಉಂಟಾ? ಉಂಟಾದರೆ ಯಾವ ಸರ್ವೆ ನಂಬರು? ನಮ್ಮ ಗುಡ್ಡೆಯ ಕೋರೆಗೆ ಏನಾಗುತ್ತದೆ? ಕೊನೆಯ ಪ್ರಶ್ನೆ ಕೇಳಿದಾಗ ಯಾರು ಕುರ್ಚಿಯಲ್ಲಿ ಮಿಸುಕಾಡುತ್ತಾರೆ ಅಂತಲೂ ನೋಡಿಕೊಳ್ಳಿ. ಕೆಲವು ಸಲ ವಿರೋಧದ ಕಾರಣ ಅಲ್ಲಿ ಗೊತ್ತಾಗುತ್ತದೆ.

ಕರಡು ಬಂದಾಗ ಆಕ್ಷೇಪ ಕಳಿಸಲು 60 ದಿನ ಇರುತ್ತದೆ. ಬೇಡ ಅಂತಲೂ ಬರೆಯಬಹುದು, ಬೇಕು ಅಂತಲೂ ಬರೆಯಬಹುದು, ಈ ಸಾಲು ಬದಲಿಸಿ ಅಂತಲೂ ಬರೆಯಬಹುದು. ಮೂರನೆಯದು ಬರೆಯುವವರು ಕಮ್ಮಿ. ನನಗೆ ಕೇಳಿದರೆ ಅದೇ ಒಳ್ಳೆಯದು.

ದೊಡ್ಡ ಕಾರ್ಖಾನೆಯೋ ಗಣಿಯೋ ಬರುವುದಿದ್ದರೆ ಅದಕ್ಕೆ ಬೇರೆಯೇ ಸಭೆ ಉಂಟು, ಪರಿಸರದ ಸಾರ್ವಜನಿಕ ಅಹವಾಲು ಸಭೆ. 2006ರ ಅಧಿಸೂಚನೆ ಪ್ರಕಾರ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಹಾಕಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಇರಬೇಕು, ವಿಡಿಯೋ ಮಾಡಬೇಕು. ಜನ ಹೇಳಿದ್ದನ್ನು ಕೊನೆಗೆ ಅಲ್ಲೇ ಕನ್ನಡದಲ್ಲಿ ಓದಿ ಹೇಳಬೇಕು. ಹೆಚ್ಚಿನವರು ಊಟದ ಹೊತ್ತಿಗೆ ಎದ್ದು ಹೋಗುತ್ತಾರೆ. ಓದುವವರೆಗೆ ಕೂತಿರಿ. ನೀವು ಹೇಳಿದ್ದು ಅದರಲ್ಲಿ ಇಲ್ಲದಿದ್ದರೆ ಸೇರಿಸಿ ಅಂತ ಹೇಳುವ ಹೊತ್ತು ಅದೊಂದೇ.

ಹವಾಮಾನದ ಮಾತು ಹಲಗೆಯಿಂದ

ಹವಾಮಾನ ಬದಲಾವಣೆ ಅಂತ ಶುರು ಮಾಡಿದರೆ ನಮ್ಮ ಸಭೆಯಲ್ಲಿ ಅರ್ಧ ಜನ ಚಾ ಕುಡಿಯಲು ಹೋಗುತ್ತಾರೆ. ನಮ್ಮ ದೇಶ 2070ಕ್ಕೆ ಇಂಗಾಲದ ಲೆಕ್ಕ ಸೊನ್ನೆ ಮಾಡುತ್ತದಂತೆ. ಆಗಲಿ, ಸಂತೋಷ. ಅಷ್ಟು ಹೊತ್ತಿಗೆ ನಾನು ಇರುವುದಿಲ್ಲ. ಆದರೆ ಕಿಂಡಿ ಅಣೆಕಟ್ಟಿನ ಹಲಗೆ ಅನ್ನಿ, ಹೋದವರು ವಾಪಸು ಬರುತ್ತಾರೆ.

ಮಳೆ ಬಿಟ್ಟ ಮೇಲೆ ತೋಡಿಗೆ ಅಡ್ಡ ಕಟ್ಟಿದ ಗೋಡೆಯ ಕಿಂಡಿಗೆ ಹಲಗೆ ಹಾಕಿ ನೀರು ನಿಲ್ಲಿಸುವುದು, ಮಳೆ ಬರುವ ಮೊದಲು ತೆಗೆಯುವುದು. ಬೇಗ ತೆಗೆದರೆ ಮೇ ತಿಂಗಳ ನೀರು ವೇಸ್ಟು. ತಡ ಮಾಡಿದರೆ ಮೊದಲ ನೆರೆಗೆ ಹಲಗೆ ಸಮುದ್ರಕ್ಕೆ, ಅಕ್ಕಪಕ್ಕದ ಗದ್ದೆಗೆ ನೀರು. ಮುಂಗಾರು ಕೇರಳಕ್ಕೆ ಬರುವ ರೂಢಿಯ ದಿನ ಜೂನ್ 1. 2019ರಲ್ಲೂ 2023ರಲ್ಲೂ ಅದು ಬಂದದ್ದು ಜೂನ್ 8ಕ್ಕೆ. 2025ರಲ್ಲಿ ಮೇ 24ಕ್ಕೇ ಬಂತು. ಎರಡು ವಾರದ ಹಿಂದೆ ಮುಂದೆ. ಪ್ರತಿ ವರ್ಷ ಒಂದೇ ತಾರೀಕಿಗೆ ಹಲಗೆ ತೆಗೆದರೆ ಹೇಗೆ? ನಾನು ಕೆಲಸಕ್ಕೆ ಸೇರಿದಾಗ ಪತ್ತನಾಜೆ ನೋಡಿ ತೆಗೆಯುತ್ತಿದ್ದೆವು. ಈಗ ಅದು ಆಗುವುದಿಲ್ಲ.

ಕೇಳಬೇಕಾದ ಪ್ರಶ್ನೆ: ನಮ್ಮ ಗ್ರಾಮದಲ್ಲಿ ಕಿಂಡಿ ಅಣೆಕಟ್ಟು ಎಷ್ಟು, ಹಲಗೆ ಇರುವುದು ಎಷ್ಟಕ್ಕೆ, ಈ ವರ್ಷ ಯಾವ ತಾರೀಕಿಗೆ ಹಾಕಿದಿರಿ, ತೆಗೆಯುವ ದಿನ ಯಾರು ಯಾವ ಮುನ್ಸೂಚನೆ ನೋಡಿ ಹೇಳುತ್ತಾರೆ? ನಮ್ಮಲ್ಲಿ ಒಂದು ಕಿಂಡಿಯ ಹಲಗೆಗಳು ಎಲ್ಲಿ ಅಂತ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಒಬ್ಬರ ಕೊಟ್ಟಿಗೆಯ ಅಟ್ಟದಲ್ಲಿ ಸಿಕ್ಕಿದವು, ಮೇಲೆ ಹುಲ್ಲು ಪೇರಿಸಿದ್ದರು. ಯಾರ ಕೊಟ್ಟಿಗೆ ಅಂತ ಕೇಳಬೇಡಿ, ಅವರು ನಮಗೆ ಹತ್ತಿರದ ನೆಂಟರು.

ಕಾಗದದ ಕೆಲಸ

ಗ್ರಾಮಸಭೆಗೆ ನೇರ ಹೋಗಬೇಡಿ. ಅದರ ಮೊದಲು ವಾರ್ಡ್ ಸಭೆ ಆಗುತ್ತದೆ. ಎರಡೂ ಆರು ತಿಂಗಳಿಗೆ ಒಮ್ಮೆಯಾದರೂ ಆಗಬೇಕು. ವಾರ್ಡ್ ಸಭೆಗೆ ಹದಿನೈದು ಜನವೂ ಬರುವುದಿಲ್ಲ, ಅಲ್ಲಿ ಹೇಳಿದ್ದು ಪಟ್ಟಿಗೆ ಸೇರುವುದು ಸುಲಭ.

ಪ್ರಶ್ನೆಯನ್ನು ಒಂದೇ ಹಾಳೆಯಲ್ಲಿ ಬರೆದು ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು ಹಾಕಿಸಿ ತಾರೀಕು ಬರೆಸಿಕೊಳ್ಳಿ. ಟಪಾಲು ಹುಡುಗಿ "ಇದಕ್ಕೆಲ್ಲ ಸೀಲು ಯಾಕೆ ಅಣ್ಣ" ಅನ್ನುತ್ತಾಳೆ. ನಗುತ್ತಾ ನಿಂತಿರಿ, ಹಾಕುತ್ತಾಳೆ.

ಸಭೆಯಲ್ಲಿ ಒಬ್ಬರು ಒಂದೇ ಪ್ರಶ್ನೆ ಕೇಳಲಿ. ಏಳು ಪ್ರಶ್ನೆ ಇದ್ದರೆ ಏಳು ಜನ ಏಳಲಿ. ಹೆಂಗಸರು ಕೇಳಿದರೆ ಅರ್ಧದಲ್ಲಿ ಬಾಯಿ ಹಾಕುವವರು ಕಮ್ಮಿ, ಇದು ನನ್ನ ಅನುಭವ. ನೀರು ಹೊರುವವರೂ ಅವರೇ ಅಲ್ವಾ? ಉತ್ತರ ಬಂದ ಮೇಲೆ "ಇದನ್ನು ನಿರ್ಣಯ ಮಾಡಿ ಬರೆಯಿರಿ" ಅಂತ ಹೇಳಿಯೇ ಕೂರಬೇಕು. ಬರೆಯದ ಭರವಸೆ ಸಭಾಭವನದ ಫ್ಯಾನಿನ ಗಾಳಿಗೆ ಹೋಗುತ್ತದೆ.

ಪಂಚಾಯತಿನಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಅಂತ ಒಂದು ಉಂಟು, 2002ರ ಕಾನೂನಿನದ್ದು. ಊರಿನ ಗಿಡ, ಪ್ರಾಣಿ, ಜಾಗಗಳನ್ನು ಬರೆದಿಡುವ ಅದರ ದಾಖಲಾತಿ ಪುಸ್ತಕ ತೋರಿಸಿ ಅಂತ ಕೇಳಿ ನೋಡಿ. ನಮ್ಮ ಪುಸ್ತಕದಲ್ಲಿ ನಾಗಬನ ಇತ್ತು, ಗುಡ್ಡೆಯ ಮದಕ, ಅಂದರೆ ಮಳೆನೀರು ನಿಲ್ಲುವ ಕೆರೆ, ಇರಲಿಲ್ಲ. ಸೇರಿಸಲು ಅರ್ಜಿ ಕೊಟ್ಟಿದ್ದೇವೆ. ಮದಕ ಪುಸ್ತಕದಲ್ಲಿ ಇಲ್ಲದಿದ್ದರೆ ನಾಳೆ ಕೋರೆಯವರು ಅಲ್ಲಿ ಮದಕವೇ ಇರಲಿಲ್ಲ ಅಂದರೆ ಏನು ಮಾಡುತ್ತೀರಿ?

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು. ಹತ್ತು ರೂಪಾಯಿ ಶುಲ್ಕ, 30 ದಿನದ ಗಡುವು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ನಾನು ಮೊದಲ ಸಲ ನಾಲ್ಕು ಪುಟ ಬರೆದು ವಾಪಸು ಬಂದಿತ್ತು. ಈಗ ಮೂರು ಸಾಲು ಬರೆಯುತ್ತೇನೆ.

ಮತ ಕೇಳಲು ಬಂದವರಿಗೂ ಇದೇ ಹಾಳೆ ಕೊಡಿ. ಭಾಷಣ ಬೇಡ, ಎರಡು ಪ್ರಶ್ನೆ ಸಾಕು. ಅವರು ಜೇಬಿಗೆ ಹಾಕುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ.

ಇನ್ನು ಸಭೆಯಾದ ಮರುವಾರ, ಸೋಮವಾರ ಬೇಡ, ಅವತ್ತು ರಶ್ಶು, ಮಂಗಳವಾರ ಪಂಚಾಯತಿಗೆ ಹೋಗಿ ನಡಾವಳಿಯ ನಕಲು ಕೇಳಿ. ನಿಮ್ಮ ನಿರ್ಣಯದಲ್ಲಿ ಅಂಕೆ, ತಾರೀಕು ಸರಿಯಾಗಿ ಬಂದಿದೆಯಾ ಓದಿ. ನಮ್ಮ ಕಟ್ಟೆಯ ನಿರ್ಣಯದಲ್ಲಿ ಎಪ್ಪತ್ತು ಮನೆ ಹೋಗಿ ಹದಿನೇಳು ಮನೆ ಅಂತ ಆಗಿತ್ತು. ತಿದ್ದಿಸಲು ಮೂರು ಸಲ ಹೋಗಬೇಕಾಯಿತು. ಹೋಗುವಾಗ ಪೆನ್ನು ನಿಮ್ಮದೇ ತೆಗೆದುಕೊಂಡು ಹೋಗಿ. ಅಲ್ಲಿ ಕಿಟಕಿಗೆ ದಾರದಲ್ಲಿ ಕಟ್ಟಿದ ಒಂದು ಪೆನ್ನು ಉಂಟು, ಅದು ನಾನು ಕೆಲಸದಲ್ಲಿದ್ದಾಗಲೂ ಬರೆಯುತ್ತಿರಲಿಲ್ಲ.